ಎರಡು ಸ

ಬೆಳಗಿನ ಐದೂಕಾಲು. ಶೆಫೀಲ್ಡಿನ ವಾಕ್ಲಿ ಏರು.
ಮೆಲ್ವಿನ್ನನ ಹೊಸ ಕಾರು ಬಂದು ನಿಂತದ್ದು
ನನಗೇ ತಿಳಿಯಲಿಲ್ಲ, ಎರಡೂ ಕಿವಿ ನೆಟ್ಟಗಿರುವ ನನಗೆ.
ಬೆಕ್ಕು ಬಂದಂತೆ ಬಂದಿತ್ತು.
ಒಳಗೆ ಕೂತವನು ನಕ್ಕ:
"ಈಗ ಗೊತ್ತಾಯಿತೆ, ಇಷ್ಟು ವರ್ಷ
ನಾನು ಹೇಗೆ ರಸ್ತೆ ದಾಟಿದೆ ಅಂತ?
ಇನ್ನು ಊರಿಗೆ ಊರೇ ಎರಡೂ ಕಡೆ ನೋಡಲಿ."

ಹದಿನಾರಕ್ಕೇ ಉಕ್ಕಿನ ಕಾರ್ಖಾನೆ ಸೇರಿದವನು.
ಅಲ್ಲಿ ಸುತ್ತಿಗೆಯೆಂದರೆ ಕೈಲಿ ಹಿಡಿಯುವುದಲ್ಲ,
ಮನೆಯೆತ್ತರದಿಂದ ಬೀಳುವುದು.
ಬಿದ್ದು ಬಿದ್ದು ಅವನ ಕಿವಿಯನ್ನು ಜರಡಿ ಮಾಡಿತು.
ಸಣ್ಣವೆಲ್ಲ ಉದುರಿದವು:
ಹಕ್ಕಿ, ಕೆಟಲಿನ ಸಿಳ್ಳೆ, ಮಗಳ ಪಿಸುಮಾತು,
ಸ, ಶ, ಫ.
ದಪ್ಪನೆಯವು ಉಳಿದವು. ಲಾರಿ. ಬಾಗಿಲು. ಬೈಗುಳ.

ನನ್ನ ಹೆಸರು ಸರಸಿ.
ಎರಡು ಸ-ಗಳೂ ಉದುರಿ ಅವನಿಗೆ ನಾನು ಆರಿ.
ನಮ್ಮಲ್ಲಿ ಅನ್ನ ಆರಿ ಹೋಗುತ್ತದೆ, ದೀಪ ಆರಿ ಹೋಗುತ್ತದೆ
ಎಂದು ಹೇಳಲು ಹೋಗಲಿಲ್ಲ.
ಆಸ್ಪತ್ರೆಯ ದೋಬಿಖಾನೆಯಲ್ಲಿ ಇಡೀ ಪಾಳಿಗೇ ನಾನೀಗ ಆರಿ.

ಹಳೆಯ ಡೀಸೆಲ್ ಕಾರು ಹತ್ತುವಾಗ
ಹೊಸಿಲಲ್ಲಿ ಚಪ್ಪಲಿ ಬಿಡುವಂತೆ
ಶ್ರವಣಯಂತ್ರ ಆರಿಸಿಬಿಡುತ್ತಿದ್ದ.
ಅದಕ್ಕೇನು ಗೊತ್ತು ಯಾವುದು ಇಂಜಿನು, ಯಾವುದು ನೆರೆಯವಳು?
ಎಲ್ಲವನ್ನೂ ಒಂದೇ ಸಮ ಹಿಗ್ಗಿಸಿ ತಲೆಗೆ ಸುರಿಯುತ್ತದೆ.
ನಾನು ಬಾಯಿ ತೆರೆದರೆ ಸಾಕು,
ರಸ್ತೆ ಬಿಟ್ಟು ತುಟಿ ನೋಡುವನು.
ಒಮ್ಮೆ ಹಾಲಿನ ವ್ಯಾನು ಕೂದಲೆಳೆಯಲ್ಲಿ ತಪ್ಪಿತು.
ಅಂದಿನಿಂದ ನನಗೆ ಕಾರಿನಲ್ಲಿ ಮೌನವ್ರತ.

ಎಂಥ ವ್ರತ!
ಎಡಗಡೆಯ ಕಿಟಕಿಗೆ ಮುಖ ತಿರುಗಿಸಿ
ಒಂಬತ್ತು ವರ್ಷ ಕನ್ನಡದಲ್ಲಿ ಹೇಳಿಕೊಂಡೆ.
ಮೇಲ್ವಿಚಾರಕಿಯನ್ನು ಬೈದೆ. ಗ್ಯಾಸಿನ ಬಿಲ್ಲು ಓದಿದೆ.
ಮೆಲ್ವಿನ್ನನ ಸಾಕ್ಸಿನ ವಾಸನೆಗೂ ಎರಡು ಮಾತು.
ಮೊಲೆಯಲ್ಲಿ ಕೈಗೆ ಸಿಕ್ಕ ಗಂಟಿನ ಸುದ್ದಿ
ಡಾಕ್ಟರಿಗಿಂತ ಮೊದಲು ಕೇಳಿದ್ದು ಆ ಇಂಜಿನು.
ಗಡಗಡ ಎಂದಿತು, ಮರೆತಿತು.

ಇವತ್ತು ಏರು ಹತ್ತಿದೆವು. ಏನೂ ಗುಡುಗಲಿಲ್ಲ.
ತಿರುವಿನಲ್ಲಿ ಟಿಕ್, ಟಿಕ್.
"ಈ ಇಂಡಿಕೇಟರು ಸದ್ದು ಮಾಡುತ್ತದೆಯೇ?" ಅಂದ.
ಮುಂದಿನ ಬೀದಿಯಲ್ಲಿ ತಿರುಗುವುದಿಲ್ಲದಿದ್ದರೂ ಹಾಕಿದ.
ಹಿಂದಿನವನು ಹಾರ್ನ್ ಬಾರಿಸಿದ. ಅದೂ ಕೇಳಿತು.

ದೀಪ ಕೆಂಪಾದಾಗ ಮಾತ್ರ ಮುಖ ಕಿವುಚಿದ.
ಇಷ್ಟು ನಿಶ್ಶಬ್ದದಲ್ಲಿ ಕಿವಿಯೊಳಗಿನ ಜೀರುಂಡೆ
ಎದ್ದು ಕೂರುತ್ತದಂತೆ.
"ಇರಲಿ. ಡೀಸೆಲ್ಲಿಗಿಂತ ಇದರ ಬಾಡಿಗೆ ಕಡಿಮೆ."

ನಾನು ಅಭ್ಯಾಸಬಲದಿಂದ ಕಿಟಕಿಗೆ ತಿರುಗಿ
"ಸಾಕಾಗಿದೆ ಕಣಪ್ಪ" ಅಂದೆ, ತೀರ ಮೆಲ್ಲಗೆ.

"ಏನಂದೆ?"
ಅವನ ಕಣ್ಣು ರಸ್ತೆಯ ಮೇಲೇ ಇತ್ತು.
ಬೆಣ್ಣೆ ಕದ್ದ ಕೈಯಂತೆ ನನ್ನ ನಾಲಿಗೆ.
"ಏನಿಲ್ಲ."
"ಏನೋ ಅಂದೆ. ಶುರುವಿನಲ್ಲಿ ಹಾವಿನಂಥದ್ದೊಂದು ಇತ್ತು."
"ಅದು ಸ. ನನ್ನ ಹೆಸರಿನಲ್ಲೂ ಇದೆ. ಎರಡು."

ಕಟ್ಟಿಸಿದ ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟು ನೋಡಿದ.
ಶರಶಿ. ಸರಶಿ.
ಪರವಾಗಿಲ್ಲ, ಹತ್ತಿರ ಬಂತು.
ಹೆದ್ದಾರಿಯ ಒರಟು ಡಾಂಬರಿಗೆ ಟೈರುಗಳು ಕೂಗಿದ್ದೇ
ಮತ್ತೆ ಆರಿ ಆದೆ.

ಊರೊಳಗೆ ಇಳಿದಾಗ ಮತ್ತೆ ಸುಮ್ಮನಾಯಿತು.
ಇನ್ನು ಗೊಣಗಲು ಬೇರೆ ಜಾಗ ಹುಡುಕಬೇಕು,
ದೋಬಿಖಾನೆಯ ಮೂರನೆಯ ಯಂತ್ರ ಚೆನ್ನಾಗಿ ಅಲುಗುತ್ತದೆ
ಎಂದುಕೊಳ್ಳುತ್ತಲೇ
ಗಂಟಿನ ವಿಷಯ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.
ತುಟಿ ತೋರಿಸದೆ, ಗಾಜಿನ ಕಡೆಗೆ.
ಏನೂ ಅಲ್ಲವೆಂದು ತಿಳಿದು ಎರಡು ವರ್ಷವಾದ ವಿಷಯ.

ಅವನು ತಿರುಗಿ ನೋಡಲಿಲ್ಲ.
ಇಂಡಿಕೇಟರು ಹಾಕಿ, ಬದಿಗೆ ನಿಲ್ಲಿಸಿದ.
ನಿಂತದ್ದೂ ತಿಳಿಯದ ಹಾಗೆ ನಿಂತೆವು.
"ನಾನು ಪಕ್ಕದಲ್ಲೇ ಇದ್ದೆನಲ್ಲ," ಅಂದ.
ಟಿಕ್, ಟಿಕ್.
ಪಾಳಿಗೆ ಏಳು ನಿಮಿಷ ಇತ್ತು.